ಪ್ರೇರಕರ ಸಹಿ

ಅಲ್ಲ, ಈ ಬದನೆಕಾಯಿ ಬುಟ್ಟೀನ ನನ್ನ ಕಾಲ ಮೇಲೇ ಇಡಬೇಕಾ ಇವಳು, ಇಷ್ಟು ದೊಡ್ಡ ಬಸ್ಸಿನಲ್ಲಿ ಬೇರೆ ಜಾಗ ಸಿಗಲಿಲ್ಲವಾ, ಅಮ್ಮ ಸ್ವಲ್ಪ ಅತ್ತ ಸರಿಸಿ ಅಂದರೆ ನೀವೇ ಕಾಲು ಮಡಚ್ಕಳಿ ಸಾಮಿ, ಬುಟ್ಟಿಗೇನು ಮಂಡಿ ಐತಾ ಮಡಚಕ್ಕೆ ಅನ್ನುತ್ತಾಳೆ, ಹಿಂದಿನ ಸೀಟಿನವರು ಕಿಸಕ್ಕೆಂದರು, ನಗಲಿ, ಇವತ್ತು ಯಾರು ಬೇಕಾದರೂ ನಗಬಹುದು ನನ್ನನ್ನು ನೋಡಿ — ಕುಣಿಗಲ್ ಬಿಟ್ಟು ಮುಕ್ಕಾಲು ಗಂಟೆಯಾಯ್ತು, ಇನ್ನೂ ಹೆಬ್ಬೂರು ಬಂದಿಲ್ಲ, ಕೈ ಎತ್ತಿದವರಿಗೆಲ್ಲ ನಿಲ್ಲಿಸುತ್ತಾನೆ ಈ ಡ್ರೈವರು, ಕೈ ಎತ್ತಿ ಕಂಕುಳು ಕೆರೆದುಕೊಂಡವನಿಗೂ ನಿಲ್ಲಿಸುತ್ತಾನೆ, ಬಿಸಿಲು ನೋಡಿದರೆ ತಗಡು ಕಾಯಿಸಿ ತಲೆ ಮೇಲೆ ಇಟ್ಟ ಹಾಗೆ, ಮೂರು ಗಂಟೆಗೆ ನಾನು ಗುಬ್ಬಿಯಲ್ಲಿರಬೇಕು, ತುಮಕೂರಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಅಲ್ಲಿ ಬೀಗರ ಮನೆ ಜಗುಲಿ ಮೇಲೆ ಹತ್ತು ಹದಿನೈದು ಜನ ಕಾಯುತ್ತಿರುತ್ತಾರೆ, ಬಾಗಿಲ ಹಿಂದೆ ನನ್ನ ಮಗಳು ಮಂಗಳ ನಿಂತಿರುತ್ತಾಳೆ, ನಮ್ಮಪ್ಪ ಕಾಗದ ತರ್ತಾರೆ, ಇವತ್ತಿಗೆ ನನ್ನ ಮೇಲಿನ ಮಾತು ಮುಗೀತದೆ ಅಂತ. ತಂದಿದ್ದೇನೆ ಮಗಳೇ, ಒಳಜೇಬಿನಲ್ಲಿದೆ, ಬೆವರಿಗೆ ಎದೆಗೇ ಅಂಟಿಕೊಂಡಿದೆ, ಸಿಕ್ಕಿತು, ಸಿಕ್ಕಬಾರದಿತ್ತು, ಗೆದ್ದಲಿಗೆ ಎಂಟು ವರ್ಷ ಟೈಮು ಕೊಟ್ಟರೂ ತಿನ್ನಬೇಕಾದ ಕಾಗದ ಬಿಟ್ಟು ಪಕ್ಕದ್ದನ್ನೇ ತಿಂದಿದೆಯಲ್ಲ, ಗೆದ್ದಲಿಗೂ ಒಂದು ನಿಯತ್ತು ಬೇಡವಾ. ಟಿಕೆಟ್ ಟಿಕೆಟ್ ಅಂತ ಕಂಡಕ್ಟರು ಎರಡನೇ ಸಲ ಬಂದ, ತಗೊಂಡಾಯ್ತಪ್ಪ ಅಂದೆ, ಮುಖ ನೋಡಿದ, ಈ ಕಂಡಕ್ಟರುಗಳ ಮುಖವನ್ನೇ ನೋಡಲಾಗುತ್ತಿಲ್ಲ ಬೆಳಗಿನಿಂದ, ಖಾಕಿ ಅಂಗಿ ಕಂಡರೆ ಅಳಿಯ ಸಿದ್ದಗಂಗಯ್ಯ ನೆನಪಾಗುತ್ತಾನೆ, ಅವನದೂ ಇದೇ ಕೆಲಸ, ಇದೇ ಬಣ್ಣದ ಅಂಗಿ, ಇದೇ ಚರ್ಮದ ಚೀಲ, ಪಾಪ ಅವನು ಟಿಕೆಟ್ ಅಂತ ಕೂಗುವುದೂ ಮೆತ್ತಗೆ, ಬಸ್ಸಿನವರಿಗೆ ನೋವಾದೀತು ಅನ್ನುವ ಹಾಗೆ.

ಅವನ ಅಮ್ಮ ಹಾಗಲ್ಲ, ಪುಟ್ಟತಾಯಮ್ಮ, ನನ್ನ ಬೀಗಿತ್ತಿ, ಆಕೆ ಮಾತಾಡಿದರೆ ಪಾತ್ರೆ ಉರುಳಿದ ಹಾಗೆ, ನಾಕು ವರ್ಸ ಆಯ್ತು ಬೀಗ್ರೇ, ಮಜ್ಜಿಗೆ ಕಡೆದದ್ದೇ ಬಂತು, ಬೆಣ್ಣೆ ಬರ್ಲಿಲ್ಲ ಅಂತ ಹೋದ ತಿಂಗಳು ಎಲ್ಲರ ಮುಂದೆ ಅಂದಳು, ಎಂಬತ್ತರಲ್ಲಿ ಮದುವೆ, ಈಗ ಎಂಬತ್ತನಾಲ್ಕು, ಅಷ್ಟಕ್ಕೇ ಬಿಡಲಿಲ್ಲ ಆಕೆ, ನಮ್ಮ ಗಂಗ ಒಬ್ನೇ ಮಗ ನಂಗೆ, ನಮ್ಮಣ್ಣನ ಮಗಳು ಪುಟ್ಟಗಂಗ ಅವಳೆ, ಹದಿನೇಳು ತುಂಬೈತೆ, ತಂದ್ಕಂತೀವಿ, ನಿಮ್ಮ ಮಗಳನ್ನೇನು ಆಚೆಗೆ ಅಟ್ಟಾಕಿಲ್ಲ, ಅಕ್ಕ ತಂಗಿ ಇದ್ದಂಗೆ ಇದ್ಕಂಡು ಹೋಗ್ಲಿ ಬುಡಿ. ಅಕ್ಕ ತಂಗಿಯಂತೆ. ಕಾನೂನು ಒಪ್ಪಲ್ಲಮ್ಮ, ಒಬ್ಬಳು ಹೆಂಡತಿ ಇರುವಾಗ ಇನ್ನೊಬ್ಬಳು ಅಂದರೆ ಅವನ ಕೆಲಸ ಹೋಗುತ್ತೆ ಅಂದೆ, ಕಾನೂನು ನಮ್ಮನೆ ಅಡುಗೆ ಕ್ವಾಣೆಗೆ ಬರಾಕಿಲ್ಲ ಬುಡಿ ಅಂದಳು, ಜಗುಲಿ ಕೊನೆಯಲ್ಲಿ ಅವರು ಮೂವರು ಕೂತಿದ್ದರಲ್ಲ, ಅಕ್ಕಪಕ್ಕದ ಮನೆ ಮುದುಕಿಯರು, ಯಾವಾಗ ಹೋದರೂ ಅಲ್ಲೇ ಇರುತ್ತಾರೆ, ಅವರಿಗೆ ಮನೆ ಇದೆಯೋ ಇಲ್ಲವೋ, ಒಬ್ಬಳು ಮಾತು ಶುರು ಮಾಡಿದರೆ ಇನ್ನೊಬ್ಬಳು ಎಳೆಯುತ್ತಾಳೆ, ಮೂರನೆಯವಳು ಗಂಟು ಹಾಕುತ್ತಾಳೆ, ಬರಾಕಿಲ್ಲ ಕಣಮ್ಮ, ಕಾನೂನೆಲ್ಲಿ ಬತ್ತದೆ, ತೊಟ್ಲು ತೂಗಾಕೆ ಕಾನೂನು ಬತ್ತದಾ. ನನಗೆ ಪಿತ್ತ ನೆತ್ತಿಗೇರಿತು. ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನು, ಹಾಜರಿ ಪುಸ್ತಕದಲ್ಲಿ ಒಂದು ಚಿತ್ತು ಇಲ್ಲದವನು, ನನ್ನ ಮಗಳನ್ನ ಕೂತವರು ನಿಂತವರು ಆಡಿಕೊಳ್ಳುವುದಾ, ಎದ್ದು ನಿಂತೆ, ಕೊರಳಿನ ಲಿಂಗ ಕೈಯಲ್ಲಿ ಹಿಡಿದು ಹೇಳಿದೆ, ತಪ್ಪು ಯಾರ ಮೈಯಲ್ಲಿದೆ, ಯಾರ ಕೈಯಿಂದಾಯ್ತು, ನಾನು ಕಾಗದದ ಮೇಲೆ ತರುತ್ತೇನೆ, ಕಾಗದ ಸುಳ್ಳು ಹೇಳಲ್ಲ, ಆ ತಪ್ಪಿನವನು ಯಾರೇ ಆಗಿರಲಿ ಇದೇ ಜಗುಲಿ ಮೇಲೆ ನಿಂತು ಎಲ್ಲರಿಗೂ ಕೇಳಿಸೋ ಹಾಗೆ ಓದಬೇಕು, ಓದದೆ ಮುಚ್ಚಿಟ್ಟರೆ ಅವನ ವಂಶ ಬತ್ತಿ ಹೋಗಲಿ. ಲಿಂಗ ಮುಟ್ಟಿಬುಟ್ರು ಅಂದಳು ಒಬ್ಬಳು, ಮುಟ್ಟಿಬುಟ್ರಲ್ಲಮ್ಮ ಅಂದಳು ಇನ್ನೊಬ್ಬಳು, ಇನ್ನು ಬುಡಂಗಿಲ್ಲ ಅಂದಳು ಮೂರನೆಯವಳು. ಬಿಡುವಂಗಿಲ್ಲ. ಯಾರಪ್ಪ ಹೇಳಿದ್ದು ನನಗೆ ಆ ಮಾತು ಆಡು ಅಂತ, ಯಾರೂ ಇಲ್ಲ, ನಾನೇ, ನನ್ನ ಬಾಯೇ, ಈ ಬಾಯಿಗೆ ಒಂದು ಬೆತ್ತ ಇರಬೇಕಿತ್ತು.

ಹೆಬ್ಬೂರು ಬಂತು, ಬುಟ್ಟಿ ಇಳಿಯಲಿಲ್ಲ, ಇನ್ನೊಂದು ಬುಟ್ಟಿ ಹತ್ತಿತು. ವನಜಮ್ಮ ಹೇಳಿದ್ದಳು, ಹೆಂಡತಿ ಮಾತು ಕೇಳಿದ್ದರೆ, ಅವತ್ತು ರಾತ್ರಿ ಶೆಟ್ಟಿಹಳ್ಳಿ ಮನೆಯಲ್ಲಿ ತಟ್ಟೆಗೆ ಮುದ್ದೆ ಹಾಕುತ್ತ, ಯಾಕ್ರೀ ಆಣೆ ಗೀಣೆ, ಮಗಳನ್ನ ಮನೆಗೆ ಕರ್ಕೊಂಡ್ ಬನ್ನಿ, ನಾವಿಬ್ರು ಇರೋ ತನಕ ಇರ್ತಾಳೆ ಅಂದಳು, ನೀನು ಸುಮ್ನಿರೇ ಅಂದೆ, ಸುಮ್ಮನಿದ್ದಳು, ಅವಳು ಸುಮ್ಮನಿದ್ದಾಗಲೆಲ್ಲ ನಾನು ಗೆದ್ದೆ ಅಂದುಕೊಂಡಿದ್ದೇನೆ ಮೂವತ್ತು ವರ್ಷ. ಮಾರನೇ ವಾರ ಮಗಳು ಅಳಿಯ ಇಬ್ಬರನ್ನೂ ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಮಂಗಳನಿಗೆ ಏನೂ ತೊಂದರೆ ಇಲ್ಲ ಅಂದರು ಡಾಕ್ಟರು, ಎದೆ ಉಬ್ಬಿತು ನನಗೆ, ನೋಡಿದ್ಯಾ ಅಂತ, ಅಳಿಯನ ಪರೀಕ್ಷೆಯ ರಿಪೋರ್ಟು ಬಂತು, ಡಾಕ್ಟರು ಎರಡು ಸಲ ಓದಿದರು, ಹಿಂದೆ ಏನಾದ್ರೂ ಆಪರೇಷನ್ ಆಗಿತ್ತೇನಪ್ಪ ಅಂದರು, ಅವನು ನೆಲ ನೋಡುತ್ತ ಹರ್ನಿಯಾ ಸಾರ್, ಎಪ್ಪತ್ತಾರರಲ್ಲಿ, ಹತ್ತೊಂಬತ್ತು ವರ್ಷ ನನಗೆ, ಕೆಲಸಕ್ಕೆ ಫಿಟ್‌ನೆಸ್ ಬೇಕಿತ್ತು, ಕುಣಿಗಲ್ ಕಡೆ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ, ನಿಂಗೆ ಹರ್ನಿಯಾ ಇದೆ, ಆಪರೇಷನ್ ಮಾಡಿಸ್ಕೊಂಡ್ರೇ ಸರ್ಟಿಫಿಕೇಟು ಅಂದ್ರು, ಮಾಡಿಸ್ಕೊಂಡೆ ಅಂದ. ಡಾಕ್ಟರ ಪೆನ್ನು ನಿಂತಿತು. ಅಲ್ಲಿಯ ಕಾಗದ ತನ್ನಿ, ಆಮೇಲೆ ಹೇಳ್ತೀನಿ ಅಂದರು. ಯಾವ ಊರಿನ ಕೇಂದ್ರ ಅಂತ ಕೇಳಿದೆ, ಹೇಳಿದ, ನಾನು ನಕ್ಕುಬಿಟ್ಟೆ, ಅಲ್ಲಿ ಒಂಬತ್ತು ವರ್ಷ ಹೆಡ್‌ಮಾಸ್ಟರು ಕಣಪ್ಪ ನಾನು, ಅದು ನನ್ನ ಅಂಗೈ ಇದ್ದ ಹಾಗೆ, ನಾನೇ ತರ್ತೀನಿ. ಹಳೇದು ಯಾಕೆ ಬಿಡಿ ಮಾವ ಅಂದ. ಬಿಡಿ ಮಾವ ಅಂದಾಗ ಬಿಟ್ಟಿದ್ದರೆ. ನಮ್ಮ ಎದುರು ಮನೆಗೆ ಕಾಲೇಜಿನ ಲೆಕ್ಚರರು ಅಂಜಿನಪ್ಪ ಬಂದಿದ್ದಾನಲ್ಲ, ಹುಡುಗ, ದಿನಾ ಸಂಜೆ ಬಂದು ಗ್ರೀಕ್ ದೇಶದ ನಾಟಕಗಳ ವಿಷಯ ಹೇಳುತ್ತಾನೆ, ಎರಡು ಸಾವಿರದ ನಾನೂರು ವರ್ಷದ ಹಿಂದಿನವಂತೆ, ದೊಡ್ಡ ಮನುಷ್ಯ ಒಬ್ಬ ಇರ್ತಾನೆ ಸಾರ್, ಕೆಟ್ಟವನಲ್ಲ, ಏನೋ ಒಂದು ತಪ್ಪು ಮಾಡಿರ್ತಾನೆ, ಮಾಡಿದ್ದೀನಿ ಅಂತ ಅವನಿಗೇ ಗೊತ್ತಿರಲ್ಲ, ತಪ್ಪಿತಸ್ಥನನ್ನ ಹುಡುಕ್ತೀನಿ ಅಂತ ತಾನೇ ಹೊರಡ್ತಾನೆ, ಊರವರು ಗುಂಪಾಗಿ ನಿಂತು ಒಂದೇ ದನಿಯಲ್ಲಿ ಮಾತಾಡ್ತಿರ್ತಾರೆ, ಕಣ್ಣಿಲ್ಲದವನೊಬ್ಬ ಬೇಡ ಅಂತಾನೆ, ಇವನು ಕೇಳಲ್ಲ ಅಂತ. ನಾನು ಕಾಫಿ ಲೋಟ ಕೆಳಗಿಟ್ಟು ಹೇಳಿದ್ದೆ, ಏನಪ್ಪ ಅಂಜಿನಪ್ಪ, ಅಷ್ಟೂ ತಿಳಿಯದವನು ದೊಡ್ಡ ಮನುಷ್ಯ ಹೇಗಾದ, ಆಫೀಸಿಗೆ ಹೋಗಿ ಒಂದು ರಿಜಿಸ್ಟರು ತೆಗೆಸಿದ್ದರೆ ಮೊದಲನೇ ಅಂಕದಲ್ಲೇ ಮುಗೀತಿತ್ತಲ್ಲ ನಾಟಕ. ಅಂಜಿನಪ್ಪ ನಕ್ಕು ಸಾಕಾಗಿ ಕಣ್ಣೊರೆಸಿಕೊಂಡ, ನಾನೂ ನಕ್ಕೆ. ರಿಜಿಸ್ಟರು ತೆಗೆಸಿದೆ ಕಣೋ ಅಂಜಿನಪ್ಪ, ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ.

ಒಂಬತ್ತೂವರೆಗೆ ಆ ಕೇಂದ್ರದ ಕಟ್ಟೆ ಮೇಲೆ ಹನುಮಂತಮ್ಮ ಕೂತಿದ್ದಳು, ಹಳೇ ಆಯಾ, ಎರಡು ಕಣ್ಣಿಗೂ ಪೊರೆ ಬಂದು ಹಾಲು ಹುಯ್ದ ಹಾಗೆ ಆಗಿದೆ, ರಿಟೈರಾಗಿ ಎಷ್ಟೋ ಕಾಲವಾದರೂ ದಿನಾ ಬಂದು ಅಲ್ಲೇ ಕೂರುತ್ತಾಳಂತೆ, ನನ್ನ ದನಿ ಕೇಳಿದ್ದೇ, ಏಕಾಂತಯ್ಯ ಮೇಷ್ಟ್ರಲ್ವಾ, ಇನ್ನೂ ಅದೇ ಗಂಟಲು, ಹುಡುಗ್ರು ಉಚ್ಚೆ ಹುಯ್ಕಂತಿದ್ವು ಅಂದಳು, ನಾನೂ ಖುಷಿಯಾಗಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಅಳಿಯ ಸಿದ್ದಗಂಗಯ್ಯ ಅಂತ, ಗುಬ್ಬಿ ಕಡೆಯವನು, ಎಪ್ಪತ್ತಾರರ ಮಾರ್ಚಿಯಲ್ಲಿ ಇಲ್ಲೇ ಹರ್ನಿಯಾ ಆಪರೇಷನ್ನು, ಅದರ ಕಾಗದ ಬೇಕಿತ್ತು. ಅವಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮೇಷ್ಟ್ರೇ, ನೀವು ಹೋಗಿ, ಕುಣಿಗಲಲ್ಲಿ ಊಟ ಮಾಡ್ಕಂಡು ಊರಿಗೆ ಹೋಗಿ. ಯಾಕೆ ಅಂದೆ. ಆ ತಿಂಗಳು ಇಲ್ಲಿ ಹರ್ನಿಯಾ ಒಂದೂ ಆಗ್ಲಿಲ್ಲ. ಹಾಗಾದರೆ ಏನಾಯ್ತು ಅಂದೆ, ಅವಳು ಕಂಬಕ್ಕೆ ಒರಗಿ ಸುಮ್ಮನಾದಳು, ನನಗೆ ಸಿಟ್ಟು ಬಂತು, ಈ ಸುಮ್ಮನಾಗುವವರನ್ನು ಕಂಡರೆ ಎಲ್ಲಿಲ್ಲದ ಸಿಟ್ಟು ನನಗೆ, ಕಣ್ಣು ಕಾಣದವಳು, ನಿನಗೇನು ಗೊತ್ತಿರುತ್ತೆ ಬಿಡು, ನಾನು ಒಳಗೆ ಕೇಳ್ತೀನಿ ಅಂತ ಎದ್ದೆ, ಬೆನ್ನ ಹಿಂದೆ ಅಂದಳು, ಕಣ್ಣಿದ್ದೋರು ಅವತ್ತು ಸಹಿ ಹಾಕುದ್ರು, ನಾನು ಬೋಗುಣಿ ಹಿಡ್ಕಂಡಿದ್ದೆ ಅಷ್ಟೇಯ. ಅರ್ಥವಾಗಲಿಲ್ಲ. ಆಗಬೇಕಿತ್ತು, ಮೇಷ್ಟ್ರಿಗೆ ಒಂದು ಸಾಲು ಕೊಟ್ಟು ಸಂದರ್ಭ ಸಹಿತ ವಿವರಿಸಿ ಅಂದರೆ ಎರಡು ಪುಟ ಬರೆಯುತ್ತಾನೆ, ಆಗಲಿಲ್ಲ. ಒಳಗೆ ಗುಮಾಸ್ತ ಕಡತದ ಗಂಟು ತಂದು ಧಪ್ಪನೆ ಹಾಕಿದ, ನೀವೇ ಹುಡುಕ್ಕೊಳಿ ಸಾರ್, ಬೇಕಾದ್ದು ತಗೊಂಡು ಹೋಗಿ, ಹೆಂಗೂ ಹುಳ ತಿಂತಾ ಇದೆ. ಒಂದೊಂದೇ ಹಾಳೆ, ಕೋಳಿ ಕೆದರಿದಂಥ ಅಕ್ಷರ, ಶಾಯಿ ಚೆಲ್ಲಿದ್ದು, ಅರ್ಧ ತುಂಬಿದ್ದು, ಯಾವ ಮುಠ್ಠಾಳರು ಇವರನ್ನೆಲ್ಲ ಕೆಲಸಕ್ಕೆ ತಗೊಂಡರು ಅಂತ ಬೈದುಕೊಳ್ಳುತ್ತ ತಿರುವುತ್ತಿದ್ದೆ, ನಡುವೆ ಒಂದು ಹಾಳೆ ಬಂತು, ಮುತ್ತು ಪೋಣಿಸಿದ ಹಾಗೆ, ಒತ್ತಕ್ಷರ ದೀರ್ಘ ಎಲ್ಲ ಅಳೆದು ಇಟ್ಟ ಹಾಗೆ, ಒಂದು ಕಾಲಂ ಖಾಲಿ ಇಲ್ಲ, ಆಹಾ, ಇಲ್ಲೊಬ್ಬ ಬರೆಯಲು ಬಂದವನಿದ್ದಾನೆ ಅಂದುಕೊಂಡೆ, ಪೂರ್ತಿ ಒಂದು ನಿಮಿಷ ಹಾಗೆ ಅಂದುಕೊಂಡು ಮೆಚ್ಚಿಕೊಂಡು ಕೂತಿದ್ದೆ, ಆಮೇಲೆ ಓದಿದೆ. ಕುಟುಂಬ ಯೋಜನೆ. ಗಂಡಸರ ಶಸ್ತ್ರಚಿಕಿತ್ಸೆ. ಹೆಸರು ಸಿದ್ದಗಂಗಯ್ಯ. ಕೆಳಗೆ, ಪ್ರೇರಕರ ಸಹಿ, ಎನ್. ಎಂ. ಏಕಾಂತಯ್ಯ, ಮುಖ್ಯೋಪಾಧ್ಯಾಯರು, ಹೆಸರಿನ ಕೆಳಗೆ ಎರಡು ಗೆರೆ. ನಾನು ಎರಡು ಗೆರೆ ಎಳೆಯುತ್ತೇನೆ. ಈಗಲೂ.

ಹೌದು ಎಮರ್ಜೆನ್ಸಿ, ಹೌದು ಒಬ್ಬೊಬ್ಬ ಮೇಷ್ಟ್ರೂ ಪ್ರೇರಕರಾಗಿ ಆಪರೇಷನ್ನಿಗೆ ಎರಡೆರಡು ಕೇಸು ಕೊಡಬೇಕು, ಕೊಡದಿದ್ದರೆ ಸಂಬಳ ನಿಲ್ಲುತ್ತೆ, ಪಾವಗಡದ ಆಚೆಗೆ ವರ್ಗ, ಹೌದು ಎಲ್ಲರೂ ಕೊಟ್ಟರು, ಇದೆಲ್ಲ ಬೆಳಗಿನಿಂದ ಇಪ್ಪತ್ತು ಸಲ ಹೇಳಿಕೊಂಡೆ, ಹೇಳಿಕೊಂಡಷ್ಟೂ ನನ್ನ ಶಾಲೆಯ ಕಳ್ಳ ಹುಡುಗರ ದನಿಯೇ ಕೇಳುತ್ತೆ, ನಾನೊಬ್ನೇ ಅಲ್ಲ ಸಾರ್, ಎಲ್ರೂ ಮಾಡಿದ್ರು. ಒಂದು ಕೇಸು ಸಿಕ್ಕಿತ್ತು, ಏಳು ಮಕ್ಕಳ ತಂದೆ, ಅವನೇ ಬಂದು ಕೈ ಮುಗಿದಿದ್ದ, ಇನ್ನೊಂದಕ್ಕೆ ಪರದಾಡುತ್ತಿದ್ದೆ, ಉಗಾದಿ ಹತ್ತಿರ, ಮಾರ್ಚಿ ಮುಗಿಯುತ್ತಿದೆ, ಆರೋಗ್ಯ ಸಹಾಯಕ ರಂಗಯ್ಯ ಹೇಳಿ ಕಳಿಸಿದ, ಮೇಷ್ಟ್ರೇ ಒಬ್ಬ ಸಿಕ್ಕವ್ನೆ, ಓಡಿ ಬಂದು ಫಾರಂ ತುಂಬಿಬುಡಿ, ನಿಮ್ಮ ಲೆಕ್ಕಕ್ಕೆ ಹಾಕ್ತೀನಿ. ಪಾಠ ಬಿಟ್ಟು ಓಡಿದೆ. ಕೇಂದ್ರದ ಪಡಸಾಲೆಯಲ್ಲಿ ಬೆಂಚಿನ ಮೇಲೆ ಯಾರೋ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಬಿಳೀ ದುಪ್ಪಟಿ, ಕಾಲು ಮಾತ್ರ ಆಚೆ. ಇವನೇನಾ ಅಂದೆ. ಇವ್ನೆಯಾ, ಮಂಪರು ಕೊಟ್ಟದೆ, ಏನ್ ಕೇಳ್ಬೇಡಿ ಬರ್ಕಳಿ. ವಯಸ್ಸು. ಇಪ್ಪತ್ತೈದರ ಕೆಳಗೆ ಹಾಕುದ್ರೆ ವಾಪಸ್ ಬತ್ತದೆ ಸಾರ್. ಮೂವತ್ತೆರಡು ಅಂತ ಬರೆದೆ. ಗುರುತಿನ ಚಿಹ್ನೆ. ಕಾಲು ನೋಡಿ ಸಾರ್, ಸುಟ್ಟ ಕಲೆ ಐತಲ್ಲ. ಬಗ್ಗಿ ನೋಡಿದೆ, ಬಲಗಾಲ ಹಿಮ್ಮಡಿ ಮೇಲೆ ಅರ್ಧಚಂದ್ರಾಕಾರದ ಸುಟ್ಟ ಕಲೆ, ಅಂತ ಬರೆದೆ, ಅರ್ಧಚಂದ್ರಾಕಾರದ ಅಂತ, ವ್ಯಾಕರಣ ತಪ್ಪಿಲ್ಲ, ಕಾಲು ನೋಡಿದವನು ಇನ್ನೆರಡು ಹೆಜ್ಜೆ ಹಾಕಿ ಮುಖ ನೋಡಲಿಲ್ಲ, ನೋಡಿದ್ದರೆ ಮೀಸೆ ಬಲಿಯದ ಹುಡುಗ ಅಂತ ಗೊತ್ತಾಗುತ್ತಿತ್ತು, ಗೊತ್ತಾಗುತ್ತೆ ಅಂತಲೇ ನೋಡಲಿಲ್ಲವೇನೋ, ಇದನ್ನ ಯಾರ ಹತ್ತಿರ ಕೇಳಲಿ, ನನ್ನ ಹತ್ತಿರವೇ ಕೇಳಬೇಕು. ನಾಲ್ಕು ವರ್ಷದ ಮೇಲೆ ಧಾರೆ ಮಂಟಪದಲ್ಲಿ ಅದೇ ಕಾಲಿಗೆ ನಾನೇ ನೀರು ಹುಯ್ದೆ, ವನಜಮ್ಮ ಪಕ್ಕದಲ್ಲಿ ತಟ್ಟೆ ಹಿಡಿದಿದ್ದಳು, ಇದೇನಪ್ಪ ಕಲೆ ಅಂದೆ, ಚಿಕ್ಕೋನಿದ್ದಾಗ ಒಲೆ ತುಳಿದುಬಿಟ್ಟೆ ಮಾವ ಅಂದ, ಅಷ್ಟೇ, ಪುರೋಹಿತರು ಬೇಗ ಬೇಗ ಅಂದರು. ಸಿದ್ದಗಂಗಯ್ಯ ಅನ್ನೋ ಹೆಸರು ತುಮಕೂರು ಜಿಲ್ಲೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ನಾಲ್ಕು ಜನಕ್ಕೆ ತಗಲುತ್ತೆ, ಎಲ್ಲಿಂದ ನೆನಪಾಗಬೇಕು. ಆಮೇಲೆ ಆ ಕಾಲಂ. ಬದುಕಿರುವ ಮಕ್ಕಳ ಹೆಸರು ಮತ್ತು ವಯಸ್ಸು. ಎರಡಾದ್ರೂ ಇರ್ಬೇಕು ಸಾರ್ ರೂಲ್ಸಿಗೆ ಅಂದ ರಂಗಯ್ಯ, ಹೆಂಡ್ತಿ ಹೆಸರು ಗೌರಮ್ಮ ಅಂತ ಹಾಕಿದ್ದೆ, ಮಕ್ಕಳ ಹೆಸರಿಗೆ ತಟ್ಟನೆ ಏನೂ ಹೊಳೆಯಲಿಲ್ಲ, ಬರೀ ಎರಡು ಅಂತ ಹಾಕಿ ಬಿಡಿ ಸಾರ್ ಅಂದ, ನನಗೆ ಆಗದು, ಖಾಲಿ ಕಾಲಂ ಬಿಟ್ಟರೆ ನನ್ನ ಕೈ ಕಚ್ಚುತ್ತೆ, ಸತ್ತುಹೋದ ನಮ್ಮಮ್ಮನ ಹೆಸರು ಬರೆದೆ, ನಮ್ಮಪ್ಪನ ಹೆಸರು ಬರೆದೆ. ಬಸವಲಿಂಗಮ್ಮ, ನಾಲ್ಕು ವರ್ಷ. ಮರುಳಯ್ಯ, ಎರಡು ವರ್ಷ. ಪೆನ್ನಿಗೆ ಮುಚ್ಚಳ ಹಾಕಿ ಮನೆಗೆ ಹೋದೆ, ಮಂಗಳನಿಗೆ ಆಗ ಹದಿನಾಲ್ಕು, ಅಪ್ಪ ಲಂಗದ ಬಟ್ಟೆ ತಂದ್ಯಾ ಅಂತ ಬಾಗಿಲಿಗೇ ಓಡಿ ಬಂದಳು.

ತುಮಕೂರು ಬಸ್ ಸ್ಟ್ಯಾಂಡು, ಇಳೀರಿ ಇಳೀರಿ, ಬುಟ್ಟಿಯವಳು ಸಾಮಿ ಒಂದ್ ಕೈ ಹಾಕಿ ಅಂದಳು, ಹಾಕಿದೆ, ತಲೆಗೆ ಎತ್ತಿಕೊಟ್ಟೆ, ಮೊಮ್ಮಕ್ಕಳು ಎಷ್ಟು ಸಾಮಿ ಅಂದಳು, ಯಾರಾದರೂ ಇಳಿಯುವ ಹೊತ್ತಿಗೆ ಕೇಳುವ ಮಾತಾ ಇದು, ಎರಡು ಅಂದುಬಿಟ್ಟೆ. ಎರಡು ಅಂದೆ. ನಾಲ್ಕು ವರ್ಷದ್ದೊಂದು, ಎರಡು ವರ್ಷದ್ದೊಂದು, ಎಂಟು ವರ್ಷ ಕಳೆದರೂ ಅವಕ್ಕೆ ನಾಲ್ಕೇ, ಎರಡೇ, ಬೆಳೆಯಲೊಲ್ಲವು — ಸಾಕು, ಬೇರೆ ಯೋಚಿಸು ಏಕಾಂತಯ್ಯ, ಬಿಸಿಲು ಯೋಚಿಸು, ಬಸ್ಸು ಯೋಚಿಸು. ಸಿಟಿ ಬಸ್ಸು ನಿಂತಿದೆ, ಹತ್ತಿದರೆ ಶೆಟ್ಟಿಹಳ್ಳಿ, ವನಜಮ್ಮನ ಹತ್ತಿರ ಒಂದು ಲೋಟ ಮಜ್ಜಿಗೆ ಕುಡಿದು ಮಲಗಬಹುದು, ಎದೆನೋವು ಅಂದರೆ ಯಾರೂ ಕೇಳುವುದಿಲ್ಲ, ಸುಳ್ಳೂ ಆಗುವುದಿಲ್ಲ. ಇಲ್ಲವಾ, ಶಿರಾ ಗೇಟಿನ ಹತ್ತಿರ ಹಳೇ ಪೇಪರಿನ ಅಂಗಡಿಗಳಿವೆ, ತೂಕಕ್ಕೆ ಹಾಕಿದರೂ ಆಯ್ತು, ಗುಬ್ಬಿಗೆ ಹೋಗಿ ಕಡತವೆಲ್ಲ ಗೆದ್ದಲು ತಿಂದಿತ್ತಮ್ಮ ಅಂದರೂ ಆಯ್ತು, ಯಾರು ನನ್ನ ಮಾತು ಸುಳ್ಳು ಅಂದಾರು, ಮೂವತ್ತನಾಲ್ಕು ವರ್ಷದ ಮಾತು. ಸಾರ್ವಜನಿಕ ಕಕ್ಕಸಿನ ಗೋಡೆ ಪಕ್ಕ ನಿಂತು ಕಾಗದ ಹೊರಗೆ ತೆಗೆದೆ, ಎರಡೂ ಕೈಯಲ್ಲಿ ಹಿಡಿದೆ, ಹರಿಯುವ ಜಾಗಕ್ಕೆ ಹೆಬ್ಬೆರಳು ಸರಿಯಾಗಿ ಬಸವಲಿಂಗಮ್ಮನ ಮೇಲೆ ಬಂತು, ಇತ್ತ ಸರಿಸಿದರೆ ಮರುಳಯ್ಯನ ಮೇಲೆ, ಏನು ಕರ್ಮ, ಮಡಚಿ ಇಟ್ಟುಕೊಂಡೆ. ಹರಿದರೆ ಏನಾಗುತ್ತೆ, ಲೆಕ್ಕ ಹಾಕಪ್ಪ, ಹರಿದರೆ ಬರುವ ಶ್ರಾವಣಕ್ಕೆ ಪುಟ್ಟಗಂಗ ಬರುತ್ತಾಳೆ, ಹದಿನೇಳು ವರ್ಷ, ಯಾರ ಮನೆಯ ಮಗುವೋ, ನನ್ನ ಮಗಳ ಪಕ್ಕದಲ್ಲೇ ಮುಸುರೆ ತಿಕ್ಕುತ್ತಾಳೆ, ನಾಲ್ಕು ವರ್ಷ ಕಾಯುತ್ತಾರೆ, ಆಮೇಲೆ ಜಗುಲಿಯ ಮೂವರು ಅವಳನ್ನೂ ಶುರು ಮಾಡುತ್ತಾರೆ, ಇವಳೂ ಹಂಗೇ ಕಣಮ್ಮ, ಇವಳದೂ ಗೊಡ್ಡೇ, ಮೂರನೆಯವಳನ್ನ ನೋಡಿ. ಬೆಳಿಗ್ಗೆ ಹೊರಡುವಾಗ ಕೇಂದ್ರದ ಗುಮಾಸ್ತ ಹೇಳಿದನಲ್ಲ, ಬೆಂಗಳೂರಲ್ಲಿ ತಿರುಗಿ ಜೋಡಿಸೋ ಆಪರೇಷನ್ ಮಾಡ್ತಾರೆ ಸಾರ್, ಎಂಟು ವರ್ಷ ಆಗಿದ್ರೆ ಕಷ್ಟ, ನೂರಕ್ಕೆ ಹತ್ತೋ ಹದಿನೈದೋ, ಆದ್ರೆ ಡಾಕ್ಟ್ರು ಈ ಕಾಗದ ನೋಡ್ಬೇಕು. ನೂರಕ್ಕೆ ಹತ್ತು. ಹತ್ತು ಅಂಕ ಬಂದ ಹುಡುಗನನ್ನ ನಾನು ಎಂದೂ ಪಾಸು ಮಾಡಿದವನಲ್ಲ. ಗುಬ್ಬಿ ಗುಬ್ಬಿ ಗುಬ್ಬಿ ಅಂತ ಕೂಗುತ್ತಿದ್ದಾನೆ, ಆ ಕೂಗಿಗೆ ಕಾಲು ತಾನಾಗಿ ಹೋಯಿತು, ನಾನು ಹೋದೆ ಅನ್ನಲಾರೆ, ಕಿಟಕಿ ಪಕ್ಕ ಸೀಟು ಸಿಕ್ಕಿತು, ಇವತ್ತೇ ಸಿಗಬೇಕಾ ಕಿಟಕಿ, ಗಾಳಿ ಹೊಡೆದು ಮುಖವೆಲ್ಲ ಒಣಗಿತು, ಅಳಿಯನನ್ನ ಮೊದಲೇ ಪಕ್ಕಕ್ಕೆ ಕರೆದು ಹೇಳಲಾ, ಇಲ್ಲ, ಲಿಂಗ ಮುಟ್ಟಿ ಜಗುಲಿ ಮೇಲೆ ಅಂದಿದ್ದೇನೆ, ಇನ್ನೊಬ್ಬನಾಗಿದ್ದರೆ ಬಿಡುತ್ತಿದ್ದೆನಾ, ಕಿವಿ ಹಿಂಡಿ ನಿಲ್ಲಿಸಿ ಓದಿಸುತ್ತಿದ್ದೆ.

ಬಂದ್ರು, ಮೇಷ್ಟ್ರು ಬಂದ್ರು, ಬಂದೇ ಬಂದ್ರಲ್ಲ, ಅದೇ ಮೂವರು, ಅದೇ ಮೂಲೆ, ಹತ್ತೋ ಹದಿನೈದೋ ಅಂದುಕೊಂಡಿದ್ದೆ, ಇಪ್ಪತ್ತೈದು ಜನ ಇದ್ದಾರೆ, ಚಾಪೆ ಸಾಲದೆ ಗೋಣಿಚೀಲ ಹಾಸಿದ್ದಾರೆ, ಪುಟ್ಟತಾಯಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಾಳೆ, ಅಳಿಯ ಡ್ಯೂಟಿಯಿಂದ ನೇರ ಬಂದಿರಬೇಕು, ಖಾಕಿ ಅಂಗಿಯಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾನೆ, ಚಪ್ಪಲಿ ಬಿಟ್ಟು, ಮಾವ ಬಿಸಿಲಲ್ಲಿ ಬಂದ್ರಿ, ನೀರು ಕುಡೀರಿ ಅಂದ, ಇವನಿಗೆ ಯಾಕೆ ಈ ಒಳ್ಳೆಯತನ, ಒಂದು ದಿನವಾದರೂ ಒರಟಾಗಿ ಮಾತಾಡಬಾರದಾ, ಮಂಗಳ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು, ಕಣ್ಣಲ್ಲೇ ಕೇಳಿದಳು, ಸಿಕ್ತಾ ಅಂತ, ತಲೆ ಆಡಿಸಿದೆ, ಅವಳ ಮುಖ ಅರಳಿತು, ದೇವರೇ, ಅರಳಿತು. ಓದ್ತೀನಿ ಅಂದೆ. ಕೂತು ಓದಿ ಮೇಷ್ಟ್ರೇ ಅಂದರು ಯಾರೋ, ನಿಂತೇ ಓದಬೇಕು ಅಂದೆ, ಕನ್ನಡಕ ಹಾಕಿಕೊಂಡೆ, ಗಂಟಲು ಸರಿ ಮಾಡಿಕೊಂಡೆ, ತರಗತಿಯ ದನಿ ಬಂತು, ಅದು ಬಿಟ್ಟು ಬೇರೆ ದನಿ ನನಗಿಲ್ಲ. ಕುಟುಂಬ ಯೋಜನೆ, ಗಂಡಸರ ಶಸ್ತ್ರಚಿಕಿತ್ಸೆ. ಹೆಸರು ಸಿದ್ದಗಂಗಯ್ಯ, ಅಳಿಯ ತಲೆ ಎತ್ತಿದ, ಹರ್ನಿಯಾ ಅಲ್ವಾ ಮಾವ ಅಂದ, ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ, ವಯಸ್ಸು ಮೂವತ್ತೆರಡು, ಈಗ್ಲೂ ಇಪ್ಪತ್ತೇಳು ಕಣಮ್ಮ ಅವ್ನಿಗೆ ಅಂದಳು ಒಬ್ಬಳು, ಇಪ್ಪತ್ತೇಳೇಯ ಅಂದಳು ಇನ್ನೊಬ್ಬಳು, ಇನ್ಯಾವನೋ ಇರ್ಬೇಕು ಬುಡು ಅಂದಳು ಮೂರನೆಯವಳು, ಗುರುತಿನ ಚಿಹ್ನೆ, ಬಲಗಾಲ ಹಿಮ್ಮಡಿ ಮೇಲೆ ಅರ್ಧಚಂದ್ರಾಕಾರದ ಸುಟ್ಟ ಕಲೆ, ಎಲ್ಲರೂ ಮೆಟ್ಟಿಲ ಕಡೆ ತಿರುಗಿದರು, ಅವನು ಮೆಲ್ಲಗೆ ಕಾಲು ಎಳೆದುಕೊಂಡ, ಪಂಚೆಯಲ್ಲ, ಪ್ಯಾಂಟು, ಮುಚ್ಚಲು ಏನೂ ಇಲ್ಲ, ಕೈಯಲ್ಲೇ ಮುಚ್ಚಿಕೊಂಡ. ಹೆಂಡತಿಯ ಹೆಸರು ಗೌರಮ್ಮ. ಯಾವಳದು ಗೌರಮ್ಮ, ಪುಟ್ಟತಾಯಮ್ಮ ಎದ್ದು ನಿಂತಳು, ಏನ್ಲಾ ಗಂಗ, ನಂಗೆ ಹೇಳ್ದಂಗೆ ಕಟ್ಕಂಡಿದ್ದಾ, ಇಲ್ಲ ಕಣವ್ವ ಅಂತಾನೆ ಅವನು, ಯಾರೋ ನಕ್ಕರು, ಯಾರೋ ಸುಮ್ಕಿರ್ಲಾ ಅಂದರು, ಬೀಗ್ರೇ ಯಾವನ್ ಬರ್ದಿದ್ದು ಇದನ್ನ, ಅವನ ಕೈಗೆ ಹುಳ ಬೀಳ, ಯಾವನು ಹೇಳಿ. ಹೇಳುತ್ತೇನೆ, ಕೊನೆಯಲ್ಲಿದೆ, ಕೊನೆಯ ಸಾಲಿನಲ್ಲಿ, ಎರಡು ಗೆರೆ, ಅದರ ಮೊದಲು ಇದೊಂದೇ ಕಾಲಂ ಬಾಕಿ, ಮೇಲಿನಿಂದ ಕೆಳಕ್ಕೆ ಓದಬೇಕು, ನಡುವೆ ಬಿಟ್ಟು ಓದಿದವನಿಗೆ ನಾನೇ ಬಾರಿಸಿದ್ದೇನೆ, ಬದುಕಿರುವ ಮಕ್ಕಳು, ಅಂದೆ, ಬದುಕಿರುವ ಮಕ್ಕಳ ಹೆಸರು, ಬಸವಲಿಂಗಮ್ಮ, ಅಂದೆ, ನಾಲ್ಕು ವರ್ಷ, ಬಾಗಿಲಲ್ಲಿ ಮಂಗಳ ಕದಲಲಿಲ್ಲ, ಇಪ್ಪತ್ತೈದು ಜನರಲ್ಲಿ ಅವಳೊಬ್ಬಳಿಗೆ ಗೊತ್ತು ಅದು ಯಾರ ಹೆಸರು, ಅವಳ ಅಜ್ಜಿ, ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದ ಅಜ್ಜಿ, ಅವಳು ಕಾಗದದ ಹಿಂಬದಿ ನೋಡುತ್ತಿದ್ದಾಳೆ, ಬಿಸಿಲಿಗೆ ಹಾಳೆಯ ಆಚೆಗೂ ಅಕ್ಷರ ಕಾಣುತ್ತೆ, ಸ್ಲೇಟಿನ ಮೇಲೆ ಅವಳ ಕೈ ಹಿಡಿದು ನಾನೇ ತಿದ್ದಿಸಿದ ಅಕ್ಷರ, ಅಪ್ಪ ಅಂದಳು, ಅಷ್ಟೇ, ಇನ್ನೂ ಸಹಿಗೆ ಬಂದಿಲ್ಲ ಮಗಳೇ, ಒಂದು ಹೆಸರು ಉಳಿದಿದೆ, ತಡಿ, ಮರುಳಯ್ಯ, ಎರಡು ವರ್ಷ, ಮುಂದಿನ ಸಾಲು ಇದೆ, ಕಣ್ಣು ಹೋಗುತ್ತಿಲ್ಲ, ಬಸವಲಿಂಗಮ್ಮ ನಾಲ್ಕು, ಮರುಳಯ್ಯ ಎರಡು, ಮುಂದೆ ಓದಿ ಮೇಷ್ಟ್ರೇ, ಓದಿ, ಓದಿ ಅಂತ ಮೂವರೂ ಒಟ್ಟಿಗೆ, ನೀಲಿ ಶಾಯಿ, ಗುಂಡಗಿನ ಅಕ್ಷರ, ಬಸವಲಿಂಗಮ್ಮ ನಾಲ್ಕು, ಮರುಳಯ್ಯ ಎರಡು, ಮರುಳಯ್ಯ ಎರಡು, ಎರಡು